ಮೆಗ್ನೀಸಿಯಂಗೆ ಜಿರ್ಕೋನಿಯಂ ಏಕೆ ಬೇಕು, ಅಲ್ಯೂಮಿನಿಯಂ ಇದ್ದಲ್ಲಿ ಏಕೆ ಕೂಡದು

ಹೆಲಿಕಾಪ್ಟರಿನ ಗೇರ್‌ಬಾಕ್ಸ್ ಕವಚವನ್ನೂ ಲ್ಯಾಪ್‌ಟಾಪಿನ ಒಳಚೌಕಟ್ಟನ್ನೂ ಮೆಗ್ನೀಸಿಯಂ ಮಿಶ್ರಲೋಹದಿಂದ ಮಾಡುವ ರೂಢಿಯಿದೆ. ವಿಮಾನ ಕಾರ್ಖಾನೆಯೂ ಸಾಫ್ಟ್‌ವೇರ್ ಕಚೇರಿಗಳೂ ಒಂದೇ ರಸ್ತೆಯ ಎರಡು ಬದಿಗಳಲ್ಲಿ ನಿಂತಿರುವ ಬೆಂಗಳೂರಿನಲ್ಲಿ ಈ ಎರಡೂ ಬಗೆಯ ಲೋಹ ದಿನವೂ ನಮ್ಮ ಸುತ್ತ ಓಡಾಡುತ್ತಿರುತ್ತದೆ. ನೋಟಕ್ಕೆ ಎರಡೂ ಒಂದೇ ಬೆಳ್ಳಿಬಣ್ಣ, ಕೈಗೆತ್ತಿಕೊಂಡರೆ ಎರಡೂ ಅಚ್ಚರಿ ಹುಟ್ಟಿಸುವಷ್ಟು ಹಗುರ. ಆದರೆ ಇವು ಎರಡು ಬೇರೆ ಕುಟುಂಬಗಳಿಗೆ ಸೇರಿದ ಲೋಹಗಳು. ಒಂದರಲ್ಲಿ ಜಿರ್ಕೋನಿಯಂ ಇದ್ದರೆ ಇನ್ನೊಂದರಲ್ಲಿ ಅಲ್ಯೂಮಿನಿಯಂ ಇರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದ ಮಿಶ್ರಲೋಹ ಬಳಕೆಯಲ್ಲಿಲ್ಲ. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಕರಗಿದ ಲೋಹ ಗಟ್ಟಿಯಾಗುವ ಹೊತ್ತಿನಲ್ಲಿ ಹರಳುಗಳು ಹೇಗೆ ಹುಟ್ಟುತ್ತವೆ, ಎಲ್ಲಿಯವರೆಗೆ ಬೆಳೆಯುತ್ತವೆ ಎಂಬುದನ್ನು ನೋಡಬೇಕಾಗುತ್ತದೆ.

ಮೊದಲಿಗೆ ಲೋಹದ ಗುಣವನ್ನು ನೋಡೋಣ. ಒಂದು ಘನ ಸೆಂಟಿಮೀಟರ್ ಮೆಗ್ನೀಸಿಯಂ 1.74 ಗ್ರಾಂ ತೂಗುತ್ತದೆ. ಅದೇ ಗಾತ್ರದ ಅಲ್ಯೂಮಿನಿಯಂ 2.7 ಗ್ರಾಂ, ಕಬ್ಬಿಣ ಸುಮಾರು 7.9 ಗ್ರಾಂ. ರಚನೆಗೆ ಬಳಕೆಯಾಗುವ ಸಾಮಾನ್ಯ ಲೋಹಗಳಲ್ಲಿ ಇದಕ್ಕಿಂತ ಹಗುರವಾದದ್ದಿಲ್ಲ. ಆದರೆ ಶುದ್ಧ ಮೆಗ್ನೀಸಿಯಂ ಅನ್ನು ಹಾಗೆಯೇ ಎರಕ ಹೊಯ್ದರೆ ಸಿಗುವುದು ಮೆದುವಾದ, ಬಗ್ಗಿಸಿದರೆ ಬಿರಿಯುವ ಲೋಹ. ಅದರ ತುಂಡೊಂದನ್ನು ಪಾಲಿಶ್ ಮಾಡಿ, ತೆಳುವಾದ ಆಮ್ಲದಲ್ಲಿ ಅದ್ದಿದರೆ ಮೈಮೇಲೆ ಬಹುಕೋನಾಕೃತಿಯ ತೇಪೆಗಳ ವಿನ್ಯಾಸ ಎದ್ದು ಬರುತ್ತದೆ. ಒಂದೊಂದು ತೇಪೆಯೂ ಒಂದು ಹರಳುಕಣ. ಅದರೊಳಗೆ ಎಲ್ಲ ಪರಮಾಣುಗಳೂ ಒಂದೇ ದಿಕ್ಕಿಗೆ ಶಿಸ್ತಾಗಿ ಜೋಡಣೆಯಾಗಿರುತ್ತವೆ, ಪಕ್ಕದ ಕಣದಲ್ಲಿ ಆ ದಿಕ್ಕು ಬೇರೆ. ಎರಕ ಹೊಯ್ದ ಶುದ್ಧ ಮೆಗ್ನೀಸಿಯಂನಲ್ಲಿ ಈ ಕಣಗಳು ಕೆಲವು ಮಿಲಿಮೀಟರ್‌ಗಳಷ್ಟು ದೊಡ್ಡದಾಗಿರಬಲ್ಲವು, ಅಂದರೆ ಸೂಕ್ಷ್ಮದರ್ಶಕವಿಲ್ಲದೆಯೂ ಕಾಣುತ್ತವೆ. ಬೆಣ್ಣೆ ಕಾಯಿಸಿದ ತುಪ್ಪವನ್ನು ನಿಧಾನವಾಗಿ ಆರಲು ಬಿಟ್ಟರೆ ಹರಳು ದಪ್ಪವಾಗುತ್ತದೆ, ಬೇಗ ತಣಿಸಿದರೆ ನುಣ್ಣಗೆ ಹೆಪ್ಪುಗಟ್ಟುತ್ತದೆ ಎಂಬುದು ಅಡುಗೆಮನೆಯವರಿಗೆ ಗೊತ್ತಿರುವ ಸಂಗತಿ. ಲೋಹಕ್ಕೂ ಇದು ಅನ್ವಯಿಸುತ್ತದೆ. ಆದರೆ ತುಪ್ಪದಲ್ಲಿ ದಪ್ಪ ಹರಳು ಒಳ್ಳೆಯ ಲಕ್ಷಣ, ಎರಕದಲ್ಲಿ ಅದು ದೋಷ.

ದಪ್ಪ ಹರಳು ಮೆಗ್ನೀಸಿಯಂಗೆ ಬೇರೆ ಲೋಹಗಳಿಗಿಂತ ಹೆಚ್ಚು ಹಾನಿಕರ, ಮತ್ತು ಈ ವಿಷಯದ ತಿರುಳೇ ಅಲ್ಲಿದೆ. ಅಲ್ಯೂಮಿನಿಯಂನ ಪರಮಾಣುಗಳು ಘನಾಕೃತಿಯ ಜಾಲದಲ್ಲಿ ಕೂತಿರುತ್ತವೆ. ಬಲ ಬಿದ್ದಾಗ ಪರಮಾಣುಗಳ ಪದರಗಳು ಜಾರುವುದಕ್ಕೆ ಅಲ್ಲಿ ಅನೇಕ ದಾರಿಗಳಿವೆ. ಮೆಗ್ನೀಸಿಯಂನ ಜಾಲ ಷಡ್ಭುಜಾಕೃತಿಯದು. ಕೋಣೆಯ ಉಷ್ಣತೆಯಲ್ಲಿ ಅದರ ಪದರಗಳು ಸುಲಭವಾಗಿ ಜಾರುವುದು ಷಡ್ಭುಜದ ತಳಕ್ಕೆ ಸಮಾಂತರವಾದ ಒಂದೇ ಸಮತಲದಲ್ಲಿ; ಉಳಿದ ಸಮತಲಗಳಲ್ಲಿ ಜಾರಿಸಬೇಕಾದರೆ ಹತ್ತಾರು ಪಟ್ಟು ಹೆಚ್ಚು ಬಲ ಬೇಕು. ಅಕ್ಕಪಕ್ಕದ ಕಣಗಳು ಒಂದನ್ನೊಂದು ಬಿಟ್ಟು ಬಿರಿಯದೆ ಯಾವ ಆಕಾರಕ್ಕಾದರೂ ಬಗ್ಗಬೇಕಾದರೆ ಪ್ರತಿ ಕಣದಲ್ಲೂ ಪರಸ್ಪರ ಸ್ವತಂತ್ರವಾದ ಐದು ಜಾರುವ ವಿಧಾನಗಳಿರಬೇಕೆಂಬುದು ಲೋಹಶಾಸ್ತ್ರದಲ್ಲಿ ಬಹುಕಾಲದಿಂದ ಒಪ್ಪಿತವಾಗಿರುವ ನಿಯಮ. ಆ ಒಂದು ಸಮತಲ ಕೊಡುವುದು ಎರಡನ್ನು ಮಾತ್ರ. ಹೀಗಾಗಿ ಜಾರುವಿಕೆ ಕಣದ ಗಡಿಗೆ ಬಂದು ನಿಂತಾಗ ಅದು ಪಕ್ಕದ ಕಣಕ್ಕೆ ದಾಟುವುದು ಮೆಗ್ನೀಸಿಯಂನಲ್ಲಿ ಬಲು ಕಷ್ಟ. ಗಡಿಗಳು ಹೆಚ್ಚಾದಷ್ಟೂ ಲೋಹ ಗಟ್ಟಿಯಾಗುತ್ತದೆ. ಗಡಿಗಳು ಹೆಚ್ಚಾಗಬೇಕಾದರೆ ಕಣಗಳು ಸಣ್ಣದಾಗಬೇಕು.

ಇದಕ್ಕೊಂದು ಲೆಕ್ಕವಿದೆ. ಬ್ರಿಟನ್ನಿನಲ್ಲಿ ಉಕ್ಕಿನ ಮೇಲೆ ಕೆಲಸ ಮಾಡುತ್ತಿದ್ದ ಇ. ಓ. ಹಾಲ್ 1951ರಲ್ಲಿ, ಎನ್. ಜೆ. ಪೆಚ್ 1953ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡಂತೆ, ಲೋಹದ ಬಲದಲ್ಲಿ ಕಣಗಡಿಗಳಿಂದ ಬರುವ ಪಾಲು ಕಣದ ವ್ಯಾಸದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಒಂದು ಸ್ಥಿರಾಂಕವನ್ನು ಆ ವರ್ಗಮೂಲದಿಂದ ಭಾಗಿಸಿದರೆ ಪಾಲು ಎಷ್ಟೆಂಬುದು ಸಿಗುತ್ತದೆ. ಬಲವನ್ನು ಮೆಗಾಪಾಸ್ಕಲ್‌ನಲ್ಲೂ ವ್ಯಾಸವನ್ನು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ ಮೈಕ್ರಾನ್‌ನಲ್ಲೂ ಅಳೆದರೆ ಅಲ್ಯೂಮಿನಿಯಂನಲ್ಲಿ ಈ ಸ್ಥಿರಾಂಕ ಸುಮಾರು 70. ಮೆಗ್ನೀಸಿಯಂನಲ್ಲಿ ಅದು ಸಾಮಾನ್ಯವಾಗಿ 200ರಿಂದ 300ರ ನಡುವೆ ಬರುತ್ತದೆ. ನಡುವಿನ 250 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 400 ಮೈಕ್ರಾನಿನ ಕಣಗಳಿಂದ ಬರುವ ಪಾಲು 12.5 ಮೆಗಾಪಾಸ್ಕಲ್. ಕಣವನ್ನು 25 ಮೈಕ್ರಾನಿಗೆ ಇಳಿಸಿದರೆ ಅದು 50 ಆಗುತ್ತದೆ, 4 ಮೈಕ್ರಾನಿಗೆ ಇಳಿಸಿದರೆ 125. ಅಲ್ಯೂಮಿನಿಯಂನಲ್ಲಿ ಇದೇ ಮೂರು ಗಾತ್ರಗಳಿಗೆ ಸಿಗುವುದು 3.5, 14 ಮತ್ತು 35. ಕಣವನ್ನು ಸಣ್ಣದು ಮಾಡುವ ಶ್ರಮಕ್ಕೆ ಮೆಗ್ನೀಸಿಯಂನಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು ಪ್ರತಿಫಲವಿದೆ ಎಂಬುದೇ ಈ ಲೋಹದ ವಿಷಯದಲ್ಲಿ ಕಣರಚನೆಗೆ ಇಷ್ಟೊಂದು ಮಹತ್ವ ಬರಲು ಕಾರಣ.

ಬಲ ಹೆಚ್ಚಿಸುವ ಉಪಾಯಗಳು ಬಹುಮಟ್ಟಿಗೆ ಬಾಗುವ ಗುಣವನ್ನು ಕಸಿದುಕೊಳ್ಳುತ್ತವೆ. ಕಣವನ್ನು ಸಣ್ಣದು ಮಾಡುವ ಉಪಾಯ ಹಾಗಲ್ಲ, ಎರಡನ್ನೂ ಹೆಚ್ಚಿಸಬಲ್ಲದು. ಸಣ್ಣ ಕಣಗಳ ಗಡಿಯ ಬಳಿ ಒತ್ತಡ ಕೂಡಿಕೊಂಡು, ಸಾಮಾನ್ಯವಾಗಿ ಸುಮ್ಮನಿರುವ ಜಾರುವ ಸಮತಲಗಳೂ ಎಚ್ಚರಗೊಳ್ಳುತ್ತವೆ. ಅದೂ ಅಲ್ಲದೆ, ಜಾರಲು ದಾರಿ ಸಿಗದ ದೊಡ್ಡ ಕಣಗಳೊಳಗೆ ಜಾಲದ ಒಂದು ಪಟ್ಟಿಯೇ ಹೊರಳಿ ಕನ್ನಡಿಬಿಂಬದಂತೆ ನಿಲ್ಲುವ ಕ್ರಿಯೆ ನಡೆಯುತ್ತದೆ; ಲೋಹಶಾಸ್ತ್ರಜ್ಞರು ಇದನ್ನು ಟ್ವಿನ್ನಿಂಗ್ ಎನ್ನುತ್ತಾರೆ. ಉರುಳೆಗಳ ನಡುವೆ ಒತ್ತುವ ರೋಲಿಂಗ್ ಅಥವಾ ಅಚ್ಚಿನ ರಂಧ್ರದ ಮೂಲಕ ತಳ್ಳುವ ಎಕ್ಸ್‌ಟ್ರೂಷನ್‌ನಿಂದ ಬಂದ ದಪ್ಪಕಣದ ಮೆಗ್ನೀಸಿಯಂ ಎಳೆತವನ್ನು ತಡೆದಷ್ಟು ಒತ್ತುವಿಕೆಯನ್ನು ತಡೆಯದೆ ಮೊದಲೇ ಸೋಲುವುದಕ್ಕೆ ಇದೇ ಕಾರಣ. ಕಣ ಕೆಲವು ಮೈಕ್ರಾನ್‌ಗಳಿಗೆ ಇಳಿದಾಗ ಟ್ವಿನ್ನಿಂಗ್ ಹಿಂಜರಿಯುತ್ತದೆ, ಎಳೆತ ಮತ್ತು ಒತ್ತುವಿಕೆಗಳ ನಡುವಿನ ಅಂತರ ಕಿರಿದಾಗುತ್ತದೆ. ಎರಕದವರ ದೃಷ್ಟಿಯಿಂದ ಇನ್ನೂ ಕೆಲವು ಲಾಭಗಳಿವೆ: ಗಟ್ಟಿಯಾಗುವಾಗ ಉಂಟಾಗುವ ಸಂಕೋಚನದ ರಂಧ್ರಗಳು ಒಂದೆಡೆ ಗುಂಪುಗೂಡದೆ ಸಣ್ಣಸಣ್ಣದಾಗಿ ಚದುರುತ್ತವೆ, ಅಚ್ಚಿನೊಳಗೆ ಬಿಸಿಯಲ್ಲೇ ಬಿರುಕು ಬಿಡುವ ಕಾಟವೂ ತಗ್ಗುತ್ತದೆ.

ಇನ್ನು ಹುಟ್ಟು ಮತ್ತು ಬೆಳವಣಿಗೆಯ ವಿಷಯ. ಮೆಗ್ನೀಸಿಯಂ ಕರಗುವುದು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಕರಗಿದ ಲೋಹ ಆ ಉಷ್ಣತೆಗೆ ಇಳಿದ ಮಾತ್ರಕ್ಕೆ ಗಟ್ಟಿಯಾಗಲು ತೊಡಗುವುದಿಲ್ಲ. ನಾಲ್ಕಾರು ಪರಮಾಣುಗಳು ಅಕಸ್ಮಾತ್ತಾಗಿ ಹರಳಿನ ಜೋಡಣೆಯಲ್ಲಿ ಸೇರಿಕೊಂಡರೂ, ಆ ಪುಟ್ಟ ಗುಂಪಿಗೆ ಹೊರಮೈಯನ್ನು ಕಟ್ಟಿಕೊಳ್ಳಲು ಬೇಕಾಗುವ ಶಕ್ತಿ ಗಟ್ಟಿಯಾಗುವುದರಿಂದ ಸಿಗುವ ಶಕ್ತಿಗಿಂತ ಹೆಚ್ಚಾಗಿರುವುದರಿಂದ ಅದು ಮತ್ತೆ ಕರಗಿಹೋಗುತ್ತದೆ. ದ್ರವದಲ್ಲಿ ಮೊದಲೇ ಯಾವುದಾದರೂ ಘನಕಣ ತೇಲುತ್ತಿದ್ದರೆ ಮಾತ್ರ ಪರಮಾಣುಗಳು ಅದರ ಮೈಮೇಲೆ ಕೂತು, ಕಡಿಮೆ ವೆಚ್ಚದಲ್ಲಿ ಹರಳು ಕಟ್ಟಲು ಆರಂಭಿಸುತ್ತವೆ. ಇಂಥ ಕಣವನ್ನು ಬೀಜ ಎನ್ನೋಣ. ಎಲ್ಲ ಕಸವೂ ಬೀಜವಾಗುವುದಿಲ್ಲ. ಬೀಜದ ಮೇಲ್ಮೈಯಲ್ಲಿ ಪರಮಾಣುಗಳ ನಡುವಿನ ಅಂತರ ಮೆಗ್ನೀಸಿಯಂನ ಅಂತರಕ್ಕೆ ಹತ್ತಿರವಾಗಿರಬೇಕು, ಅದು ಕರಗಿದ ಮೆಗ್ನೀಸಿಯಂನಲ್ಲಿ ಕರಗದೆ ಉಳಿಯಬೇಕು, ಗಾತ್ರವೂ ತಕ್ಕಷ್ಟಿರಬೇಕು; ತೀರಾ ಸಣ್ಣ ಬೀಜದ ಮೇಲಿನ ಹರಳು ಬೆಳೆಯಲು ಇನ್ನಷ್ಟು ತಣಿವು ಬೇಕಾಗುತ್ತದೆ.

ಬೀಜಗಳಿದ್ದರೂ ಕೆಲಸ ಅರ್ಧ ಮಾತ್ರ ಆದಂತೆ. ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ. ಮೊದಲು ಹುಟ್ಟಿದ ಕೆಲವು ಹರಳುಗಳು ಭರದಿಂದ ಬೆಳೆದರೆ ಅವು ಹೊರಬಿಡುವ ಶಾಖದಿಂದ ಸುತ್ತಲಿನ ದ್ರವ ಮತ್ತೆ ಬಿಸಿಯಾಗಿ, ಉಳಿದ ಬೀಜಗಳು ಮೊಳೆಯಲು ಬೇಕಾದ ತಣಿವೇ ಸಿಗುವುದಿಲ್ಲ. ಆದ್ದರಿಂದ ಮೊದಲ ಹರಳುಗಳ ವೇಗಕ್ಕೆ ಕಡಿವಾಣ ಬೀಳಬೇಕು. ಈ ಕಡಿವಾಣವನ್ನು ಹಾಕುವುದು ದ್ರವದಲ್ಲಿ ಕರಗಿರುವ ಮಿಶ್ರಧಾತು. ಅಲ್ಯೂಮಿನಿಯಂ, ಸತು, ಕ್ಯಾಲ್ಸಿಯಂಗಳಂಥ ಧಾತುಗಳಿಗೆ ಘನ ಮೆಗ್ನೀಸಿಯಂನೊಳಗೆ ಜಾಗ ಕಡಿಮೆ. ಹರಳು ಬೆಳೆಯುತ್ತ ಅವುಗಳನ್ನು ತನ್ನ ಮುಂದಿನ ದ್ರವಕ್ಕೆ ತಳ್ಳುತ್ತದೆ. ಹಾಗೆ ಅವು ದಟ್ಟವಾದ ದ್ರವ ಗಟ್ಟಿಯಾಗಬೇಕಾದರೆ ಇನ್ನೂ ಕಡಿಮೆ ಉಷ್ಣತೆ ಬೇಕು. ಹರಳು ತಾನು ಹೊರತಳ್ಳಿದ್ದರಿಂದಲೇ ತನ್ನ ದಾರಿಯನ್ನು ಕಷ್ಟಕರ ಮಾಡಿಕೊಂಡು ನಿಧಾನಿಸುತ್ತದೆ, ಆ ಬಿಡುವಿನಲ್ಲಿ ಸ್ವಲ್ಪ ದೂರದ ಬೀಜಗಳು ಮೊಳೆಯುತ್ತವೆ.

ಯಾವ ಧಾತು ಎಷ್ಟು ಬಲವಾಗಿ ತಡೆಯುತ್ತದೆ ಎಂಬುದನ್ನು, ಯಾವ ಉಷ್ಣತೆಯಲ್ಲಿ ಮಿಶ್ರಲೋಹದ ಎಷ್ಟು ಪಾಲು ದ್ರವ, ಎಷ್ಟು ಘನ ಎಂದು ತೋರಿಸುವ ಹಂತನಕ್ಷೆಗಳಿಂದ ಲೆಕ್ಕ ಹಾಕಬಹುದು. ತೂಕದಲ್ಲಿ ಶೇಕಡಾ ಒಂದರಷ್ಟು ಸೇರಿಸಿದಾಗ ಸಿಗುವ ತಡೆಯ ಗುಣಾಂಕ ಅಲ್ಯೂಮಿನಿಯಂಗೆ ಸುಮಾರು 4.3, ಸತುವಿಗೆ 5.3, ಕ್ಯಾಲ್ಸಿಯಂಗೆ 12ರ ಹತ್ತಿರ. ಜಿರ್ಕೋನಿಯಂಗೆ ಅದು 38. ಈ ಒಂದು ಅಂಕಿಯನ್ನು ನೋಡಿದರೆ ಸಾಕು, ಜಿರ್ಕೋನಿಯಂ ಬೇರೆ ಜಾತಿಯದು ಎಂದು ತಿಳಿಯುತ್ತದೆ. ಅದು ತಡೆಯುವ ರೀತಿಯೂ ತಿರುಗಾಮುರುಗಾ: ಹರಳು ಜಿರ್ಕೋನಿಯಂ ಅನ್ನು ಹೊರಗೆ ತಳ್ಳುವುದಿಲ್ಲ, ದ್ರವದಿಂದ ತನ್ನೊಳಗೆ ಎಳೆದುಕೊಳ್ಳುತ್ತದೆ. ಜಿರ್ಕೋನಿಯಂ ಬೆರೆತ ದ್ರವ ಹೆಚ್ಚಿನ ಉಷ್ಣತೆಯಲ್ಲೇ ಗಟ್ಟಿಯಾಗುತ್ತದೆ. ಹರಳಿನ ಸುತ್ತ ಅದು ಖಾಲಿಯಾದಾಗ ಅಲ್ಲಿನ ದ್ರವ ಗಟ್ಟಿಯಾಗುವ ಉಷ್ಣತೆ ಕೆಳಗಿಳಿಯುತ್ತದೆ. ದಾರಿ ಬೇರೆಯಾದರೂ ಮುಟ್ಟುವ ಊರು ಒಂದೇ.

ತಡೆ ಮಾತ್ರ ಇದ್ದು ಬೀಜವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅತಿ ಹೆಚ್ಚು ಬಳಕೆಯಲ್ಲಿರುವ ಎಜೆಡ್ 91 ಎಂಬ ಮಿಶ್ರಲೋಹವೇ ಉದಾಹರಣೆ. ಅದರಲ್ಲಿ ಶೇಕಡಾ 9ರಷ್ಟು ಅಲ್ಯೂಮಿನಿಯಂ, 1ರಷ್ಟು ಸತು ಇರುತ್ತವೆ. ಮೇಲಿನ ಅಂಕಿಗಳನ್ನು ನೇರವಾಗಿ ಗುಣಿಸಿದರೆ ಒಟ್ಟು ತಡೆ 44ರಷ್ಟು ಬರುತ್ತದೆ. ಶೇಕಡಾ ಅರ್ಧದಷ್ಟು ಜಿರ್ಕೋನಿಯಂ ಕೊಡುವ 19ಕ್ಕಿಂತ ಇದು ಎರಡು ಪಟ್ಟಿಗೂ ಹೆಚ್ಚು. ಆದರೂ ಮರಳಿನ ಅಚ್ಚಿನಲ್ಲಿ ನಿಧಾನವಾಗಿ ತಣಿದ ಎಜೆಡ್ 91ರ ಕಣಗಳು ನೂರಾರು ಮೈಕ್ರಾನ್‌ಗಳಷ್ಟು ದಪ್ಪವಾಗಿರುತ್ತವೆ, ಜಿರ್ಕೋನಿಯಂ ಇರುವ ಲೋಹದಲ್ಲಿ 50 ಮೈಕ್ರಾನಿನ ಆಸುಪಾಸಿನಲ್ಲಿರುತ್ತವೆ. ಶುದ್ಧ ಮೆಗ್ನೀಸಿಯಂಗೆ ಅಲ್ಯೂಮಿನಿಯಂ ಸೇರಿಸುತ್ತ ಹೋದರೆ ಮೊದಲ ಕೆಲವು ಶೇಕಡಾಂಶಗಳಲ್ಲಿ ಕಣಗಾತ್ರ ಬೇಗ ಇಳಿಯುತ್ತದೆ, ಶೇಕಡಾ 5ರ ಆಚೆಗೆ ಹೆಚ್ಚೇನೂ ಬದಲಾಗುವುದಿಲ್ಲ. ತಡೆದು ನಿಲ್ಲಿಸಿದ ಬಿಡುವಿನಲ್ಲಿ ಮೊಳೆಯಲು ಬೀಜಗಳೇ ಸಾಕಷ್ಟಿಲ್ಲ.

ಜಿರ್ಕೋನಿಯಂ ಎರಡೂ ಕೆಲಸಗಳನ್ನು ತಾನೊಂದೇ ಮಾಡುತ್ತದೆ. ಅದರ ಜಾಲವೂ ಷಡ್ಭುಜಾಕೃತಿಯದು, ಅದರ ತಳದಲ್ಲಿ ಪರಮಾಣುಗಳ ನಡುವಿನ ಅಂತರ 0.323 ನ್ಯಾನೋಮೀಟರ್; ಮೆಗ್ನೀಸಿಯಂನದು 0.321. ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಜಿರ್ಕೋನಿಯಂ ಕರಗುವುದು 1,855 ಡಿಗ್ರಿಯಲ್ಲಿ, ಆದ್ದರಿಂದ ಮೆಗ್ನೀಸಿಯಂನ ಮೂಸೆಯಲ್ಲಿ ಅದರ ಕಣಗಳು ಘನವಾಗಿಯೇ ಉಳಿಯುತ್ತವೆ. ಕರಗಿದ ಮೆಗ್ನೀಸಿಯಂ ತನ್ನೊಳಗೆ ಕರಗಿಸಿಕೊಳ್ಳಬಲ್ಲದ್ದು ಶೇಕಡಾ 0.6ರ ಸುತ್ತಮುತ್ತ ಮಾತ್ರ. ಅಷ್ಟು ಅಲ್ಪ ಪ್ರಮಾಣವೇ ಬೆಳವಣಿಗೆಯನ್ನು ತಡೆಯುತ್ತದೆ, ಕರಗದೆ ಉಳಿದದ್ದು ಬೀಜವಾಗುತ್ತದೆ. ಇಂಥ ಎರಕದ ಕಣಗಳನ್ನು ಅಡ್ಡಕೊಯ್ದು ನೋಡಿದರೆ ಅನೇಕ ಕಣಗಳ ನಡುವೆ ಜಿರ್ಕೋನಿಯಂ ದಟ್ಟವಾಗಿರುವ ತಿರುಳು ಕಾಣುತ್ತದೆ, ಹುಟ್ಟಿದ ಜಾಗದ ಗುರುತಿನಂತೆ. ಕರಗಿದ ಜಿರ್ಕೋನಿಯಂ ಮಾತ್ರ ಪ್ರಯೋಜನಕಾರಿ, ಕರಗದೆ ಉಳಿದದ್ದು ದಂಡ ಎಂಬ ನಂಬಿಕೆ ದೀರ್ಘಕಾಲ ಇತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2000ರ ದಶಕದಲ್ಲಿ ಮಾಡಿದ ಕೆಲಸ ಆ ನಂಬಿಕೆಯನ್ನು ತಿದ್ದಿತು. ಕೆಲವೇ ಮೈಕ್ರಾನ್ ಗಾತ್ರದ, ಕರಗದ ಕಣಗಳೂ ಬೀಜಗಳಾಗುತ್ತವೆ ಎಂದು ಅದು ತೋರಿಸಿತು.

ಈ ಗುಣವನ್ನು ಮೊದಲು ಕಂಡವರು ಜರ್ಮನಿಯ ಫ್ರಾಂಜ್ ಸಾವರ್‌ವಾಲ್ಡ್, 1937ರಲ್ಲಿ, ಐಜಿ ಫಾರ್ಬೆನ್ ಕಂಪನಿಯ ಪ್ರಯೋಗಾಲಯದಲ್ಲಿ. ಆದರೆ ಕಂಡದ್ದನ್ನು ಕಾರ್ಖಾನೆಗೆ ತರುವುದು ಸುಲಭವಾಗಿರಲಿಲ್ಲ. ಜಿರ್ಕೋನಿಯಂನ ಸಾಂದ್ರತೆ 6.5, ಕರಗಿದ ಮೆಗ್ನೀಸಿಯಂನದು 1.6ರಷ್ಟು, ಹಾಕಿದ್ದು ಮೂಸೆಯ ತಳಕ್ಕೆ ಇಳಿಯುತ್ತದೆ. ಈಗ ಇದನ್ನು ನೇರವಾಗಿ ಹಾಕುವ ಬದಲು ಮೂರನೆಯ ಒಂದು ಭಾಗ ಜಿರ್ಕೋನಿಯಂ ಇರುವ ಮೊದಲೇ ಬೆರೆಸಿಟ್ಟ ಮಿಶ್ರಲೋಹದ (ಮಾಸ್ಟರ್ ಅಲಾಯ್) ರೂಪದಲ್ಲಿ, ಲೋಹ ಹಿಡಿದಿಟ್ಟುಕೊಳ್ಳುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಸೇರಿಸಿ, ಚೆನ್ನಾಗಿ ಕಲಕಿ, ದಪ್ಪ ಕಣಗಳೂ ಕಲ್ಮಶಗಳೂ ತಳ ಸೇರುವಷ್ಟು ಹೊತ್ತು ಬಿಟ್ಟು, ಸಣ್ಣ ಕಣಗಳು ಇನ್ನೂ ತೇಲುತ್ತಿರುವಾಗಲೇ ಎರಕ ಹೊಯ್ಯುತ್ತಾರೆ. ತಡಮಾಡಿದರೆ ಬೀಜಗಳೂ ತಳ ಸೇರುತ್ತವೆ. ಮತ್ತೆ ಕಲಕಿದರೆ ಒಂದಿಷ್ಟು ಮೇಲೆ ಬರುತ್ತವೆ. ಮೂಸೆಯೂ ಸುಮ್ಮನಿರುವುದಿಲ್ಲ. ಮೆಗ್ನೀಸಿಯಂ ಅನ್ನು ಕರಗಿಸುವುದು ಉಕ್ಕಿನ ಮೂಸೆಯಲ್ಲಿ. ಉಷ್ಣತೆ ಏರಿದಷ್ಟೂ ಅದರ ಗೋಡೆಯಿಂದ ಕಬ್ಬಿಣ ದ್ರವಕ್ಕೆ ಬಂದು ಜಿರ್ಕೋನಿಯಂನೊಡನೆ ಕೂಡಿಕೊಂಡು ಕೆಳಗಿಳಿಯುತ್ತದೆ. ಇದು ನಷ್ಟ, ಆದರೆ ಪೂರ್ತಿ ನಷ್ಟವಲ್ಲ: ಮೆಗ್ನೀಸಿಯಂ ತುಕ್ಕು ಹಿಡಿಯುವುದನ್ನು ಅತಿಯಾಗಿ ಹೆಚ್ಚಿಸುವ ಕಲ್ಮಶವೇ ಕಬ್ಬಿಣ, ಜಿರ್ಕೋನಿಯಂ ಅದನ್ನು ಜೊತೆಗೆ ಹೊತ್ತೊಯ್ಯುತ್ತದೆ.

ಕಬ್ಬಿಣದೊಡನೆ ನಡೆಯುವ ಈ ಜೋಡಣೆಯೇ ಅಲ್ಯೂಮಿನಿಯಂನೊಡನೆಯೂ ನಡೆಯುತ್ತದೆ, ಮತ್ತು ಅಲ್ಲಿ ಅದು ಪೂರ್ಣ ವಿನಾಶಕಾರಿ. ಅಲ್ಯೂಮಿನಿಯಂ ಮತ್ತು ಜಿರ್ಕೋನಿಯಂ ಸೇರಿ ಬಹಳ ಸ್ಥಿರವಾದ ಸಂಯುಕ್ತಗಳಾಗುತ್ತವೆ. ಅವು ಒಳ್ಳೆಯ ಬೀಜಗಳಲ್ಲ, ದ್ರವದಲ್ಲಿ ಕರಗಿ ಉಳಿಯುವುದೂ ಇಲ್ಲ. ಸಿಲಿಕಾನ್, ಮ್ಯಾಂಗನೀಸ್‌ಗಳೂ ಇದೇ ರೀತಿ ಜಿರ್ಕೋನಿಯಂ ಅನ್ನು ಕೆಡಿಸುತ್ತವೆ. ಹೀಗಾಗಿಯೇ ಮೆಗ್ನೀಸಿಯಂ ಮಿಶ್ರಲೋಹಗಳು ಎರಡು ಪಂಗಡಗಳಾಗಿವೆ. ಸತು, ಇಟ್ರಿಯಂ, ನಿಯೋಡಿಮಿಯಂ ಮುಂತಾದ, ಜಿರ್ಕೋನಿಯಂನೊಡನೆ ಕಲಹವಿಲ್ಲದ ಧಾತುಗಳಿರುವ ಜೆಡ್‌ಇ 41, ಡಬ್ಲ್ಯೂಇ 43, ಜೆಡ್‌ಕೆ 60 ಒಂದು ಕಡೆ. ಅಮೆರಿಕದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿನ ಮುಖ್ಯ ಗೇರ್‌ಬಾಕ್ಸ್ ಕವಚ ಜೆಡ್‌ಇ 41ರದು. ಅಲ್ಯೂಮಿನಿಯಂ ಇರುವ ಅಗ್ಗದ ಎಜೆಡ್ 91, ಎಎಮ್ 60, ಎಜೆಡ್ 31 ಇನ್ನೊಂದು ಕಡೆ. ನನ್ನ ಅಭಿಪ್ರಾಯದಲ್ಲಿ ಪಠ್ಯಪುಸ್ತಕಗಳು ಮಿಶ್ರಲೋಹಗಳನ್ನು ಅಕ್ಷರಕ್ರಮದ ಪಟ್ಟಿಯಾಗಿ ಕೊಡುವ ಬದಲು ಈ ಒಂದು ಗೆರೆಯನ್ನು ಮೊದಲು ಎಳೆದರೆ ವಿದ್ಯಾರ್ಥಿಗಳಿಗೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಎರಡನೆಯ ಪಂಗಡಕ್ಕೆ ಜಿರ್ಕೋನಿಯಂನಂಥ ನೆಚ್ಚಿನ ಆಸರೆ ಇನ್ನೂ ಸಿಕ್ಕಿಲ್ಲ. ಹಳೆಯ ಉಪಾಯವೆಂದರೆ ಲೋಹವನ್ನು ಕರಗುವ ಬಿಂದುವಿಗಿಂತ 150ರಿಂದ 260 ಡಿಗ್ರಿ ಮೇಲಕ್ಕೆ ಕಾಯಿಸಿ, ಬೇಗನೆ ಹೊಯ್ಯುವ ಉಷ್ಣತೆಗೆ ಇಳಿಸಿ ಎರಕ ಹೊಯ್ಯುವುದು. ಇದರಿಂದ ಕಣ ಸಣ್ಣದಾಗುವುದು ನಿಜ. ದ್ರವದಲ್ಲಿದ್ದ ಅಲ್ಯೂಮಿನಿಯಂ–ಮ್ಯಾಂಗನೀಸ್ ಕಣಗಳು ಕರಗಿ ಮತ್ತೆ ನುಣ್ಣಗೆ ಒಡಮೂಡಿ ಬೀಜಗಳಾಗುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲೊಂದು. ಆದರೆ ಉರಿಯುವ ಸ್ವಭಾವದ ಲೋಹವನ್ನು ಅಷ್ಟು ಕಾಯಿಸುವುದು ಇಂಧನಕ್ಕೂ ದುಬಾರಿ, ಜೀವಕ್ಕೂ ಅಪಾಯ. ಕಬ್ಬಿಣದ ಕ್ಲೋರೈಡ್ ಹಾಕುವ ಜರ್ಮನ್ ವಿಧಾನವೊಂದಿತ್ತು. ಅದರಿಂದ ಸೇರುವ ಕಬ್ಬಿಣ ತುಕ್ಕಿಗೆ ದಾರಿ ಮಾಡಿತು. ಹೆಚ್ಚು ಬಳಕೆಗೆ ಬಂದದ್ದು ಇಂಗಾಲ. ಹೆಕ್ಸಾಕ್ಲೋರೋಈಥೇನ್ ಬಿಲ್ಲೆಗಳನ್ನು ಮೂಸೆಯ ತಳಕ್ಕೆ ಒತ್ತಿದರೆ ಅವು ಒಡೆದು ಇಂಗಾಲವನ್ನು ಬಿಡುತ್ತವೆ, ಅದು ಅಲ್ಯೂಮಿನಿಯಂನೊಡನೆ ಸೇರಿ ಅಲ್ಯೂಮಿನಿಯಂ ಕಾರ್ಬೈಡ್ ಆಗುತ್ತದೆ. ಈ ಕಾರ್ಬೈಡಿನ ಜಾಲಕ್ಕೂ ಮೆಗ್ನೀಸಿಯಂನ ಜಾಲಕ್ಕೂ ವ್ಯತ್ಯಾಸ ಶೇಕಡಾ 4ರಷ್ಟು. ಜಿರ್ಕೋನಿಯಂನಷ್ಟು ಅಲ್ಲದಿದ್ದರೂ ಬೀಜವಾಗಲು ಸಾಲುವಷ್ಟು ಹೊಂದಿಕೆ. ಆದರೆ ಬಿಲ್ಲೆಗಳಿಂದ ಹೊಮ್ಮುವ ಕ್ಲೋರಿನ್ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೆ ಮಾರಕ. ಆದ್ದರಿಂದ ಆ ಬಿಲ್ಲೆಗಳು ಹಿಂದೆ ಸರಿದು, ಇಂಗಾಲದ ಪುಡಿ ಮತ್ತು ಸಿಲಿಕಾನ್ ಕಾರ್ಬೈಡ್‌ಗಳನ್ನು ಪರೀಕ್ಷಿಸಲಾಗುತ್ತಿದೆ. ನಿಜವಾದ ಬೀಜ ಶುದ್ಧ ಕಾರ್ಬೈಡೋ, ಮೆಗ್ನೀಸಿಯಂ ಸಹ ಸೇರಿದ ಕಾರ್ಬೈಡೋ, ಆಮ್ಲಜನಕ ಸೇರಿದ ಸಂಯುಕ್ತವೋ ಎಂಬ ಚರ್ಚೆ ಮುಗಿದಿಲ್ಲ. ಅಲ್ಯೂಮಿನಿಯಂ ಕಾರ್ಬೈಡ್ ನೀರು ತಾಗಿದೊಡನೆ ಕೆಡುವುದರಿಂದ ಪಾಲಿಶ್ ಮಾಡುವಾಗಲೇ ಸಾಕ್ಷ್ಯ ಕರಗಿಹೋಗುತ್ತದೆ.

ಕ್ಯಾಲ್ಸಿಯಂ ಮತ್ತು ಸ್ಟ್ರಾನ್ಷಿಯಂ ಬೆಳವಣಿಗೆಯನ್ನು ತಡೆಯುವ ಮೂಲಕ ಸ್ವಲ್ಪ ನೆರವಾಗುತ್ತವೆ. ಕ್ಯಾಲ್ಸಿಯಂನಿಂದ ಲೋಹ ಹೊತ್ತಿಕೊಳ್ಳುವ ಉಷ್ಣತೆಯೂ ಏರುತ್ತದೆ. ಕರಗಿದ ಮೆಗ್ನೀಸಿಯಂ ಉರಿಯದಂತೆ ಮುಚ್ಚಲು ಬಳಸುವ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುವಂಥದ್ದಾದ್ದರಿಂದ ಈ ಗುಣಕ್ಕೆ ಬೆಲೆ ಹೆಚ್ಚು. ಬೆಂಕಿ ತಡೆಯಲು ದಶಲಕ್ಷಕ್ಕೆ ಕೆಲವೇ ಭಾಗದಷ್ಟು ಬೆರಿಲಿಯಂ ಹಾಕುವುದೂ ಉಂಟು. ಅದು ಮಾತ್ರ ಕಣವನ್ನು ದಪ್ಪ ಮಾಡುತ್ತದೆ.

ಪೀಣ್ಯದ ಡೈ ಕಾಸ್ಟಿಂಗ್ ಯಂತ್ರಗಳ ಮುಂದೆ ನಿಂತವರಿಗೆ ಇಷ್ಟೆಲ್ಲ ತಲೆನೋವು ಅನಗತ್ಯ ಎನಿಸಬಹುದು, ಮತ್ತು ಅದು ಒಂದು ಮಟ್ಟಿಗೆ ಸರಿ. ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ನುಗ್ಗಿಸಿದ ತೆಳುಗೋಡೆಯ ಎರಕ ಕ್ಷಣಮಾತ್ರದಲ್ಲಿ ಗಟ್ಟಿಯಾಗುವುದರಿಂದ ತಣಿಯುವ ವೇಗವೇ ಕಣವನ್ನು ಸಣ್ಣದು ಮಾಡಿಬಿಡುತ್ತದೆ. ಎಜೆಡ್ 91ರಂಥ ಮಿಶ್ರಲೋಹ ಒಳ್ಳೆಯ ಬೀಜವಿಲ್ಲದೆಯೂ ಇಷ್ಟು ಬಳಕೆಗೆ ಬಂದದ್ದು ಡೈ ಕಾಸ್ಟಿಂಗ್‌ನ ಬಲದಿಂದಲೇ. ದಪ್ಪಗೋಡೆಯ, ಮರಳಿನ ಅಚ್ಚಿನ, ನಿಧಾನವಾಗಿ ತಣಿಯುವ ಕವಚಗಳಿಗೆ ಆ ಅನುಕೂಲವಿಲ್ಲ. ಅಲ್ಲಿ ಮಿಶ್ರಧಾತುವೇ ಗತಿ.

ಹಾಳೆ ಮತ್ತು ಸರಳುಗಳ ವಿಷಯದಲ್ಲಿ ಎರಕದ ಕಣ ಕೊನೆಯ ಮಾತಲ್ಲ, ಏಕೆಂದರೆ ಬಿಸಿಯಲ್ಲಿ ಒತ್ತಿ ಎಳೆಯುವಾಗ ಹಳೆಯ ಕಣಗಳೊಳಗಿಂದ ಹೊಸ ಕಣಗಳು ಹುಟ್ಟುತ್ತವೆ. ಅಲ್ಲಿ ಮಿಶ್ರಧಾತುವಿನ ಕೆಲಸ ಹೊಸ ಕಣದ ಗಡಿಗಳನ್ನು ಕದಲದಂತೆ ಹಿಡಿಯುವುದು. ಸೀರಿಯಂ, ಗ್ಯಾಡೊಲಿನಿಯಂನಂಥ ವಿರಳಭಸ್ಮ ಧಾತುಗಳು ಮತ್ತು ಕ್ಯಾಲ್ಸಿಯಂ ಇನ್ನೊಂದು ಉಪಕಾರವನ್ನೂ ಮಾಡುತ್ತವೆ: ರೋಲಿಂಗ್‌ನಲ್ಲಿ ಎಲ್ಲ ಕಣಗಳ ತಳವೂ ಹಾಳೆಗೆ ಸಮಾಂತರವಾಗಿ ಮಲಗಿಬಿಡುವ ಪ್ರವೃತ್ತಿಯನ್ನು ಅವು ಸಡಿಲಿಸುತ್ತವೆ, ಅದರಿಂದ ಹಾಳೆ ಬಾಗಲು ಒಪ್ಪುತ್ತದೆ. ಊರವರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗದಲ್ಲಿ ಮೆಗ್ನೀಸಿಯಂನ ಈ ಕಣದಿಕ್ಕಿನ ಬಗೆಗೆ ಸಂಶೋಧನೆಗಳು ನಡೆದಿವೆ. ಅದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.

ಎರಡು ಪಂಗಡಗಳ ಕಲಹ ಕುಲುಮೆಯಲ್ಲಿ ಮುಗಿಯದೆ ಗುಜರಿಯವರೆಗೂ ಬರುತ್ತದೆ. ಮೆಗ್ನೀಸಿಯಂ ಅನ್ನು ಮತ್ತೆ ಕರಗಿಸಿ ಬಳಸಲು ಬೇಕಾಗುವ ಶಕ್ತಿ ಅದಿರಿನಿಂದ ತೆಗೆಯುವುದಕ್ಕೆ ಬೇಕಾದದ್ದರ ಒಂದು ಸಣ್ಣ ಪಾಲು ಮಾತ್ರ, ಆದ್ದರಿಂದ ಚೂರುಗಳಿಗೂ ಬೆಲೆಯಿದೆ. ಆದರೆ ಗೇರ್‌ಬಾಕ್ಸ್ ಕವಚದ ತುಂಡು ಲ್ಯಾಪ್‌ಟಾಪ್ ಚೌಕಟ್ಟುಗಳ ರಾಶಿಯಲ್ಲಿ ಬೆರೆತು ಒಂದೇ ಮೂಸೆಗೆ ಹೋದರೆ, ಅದರಲ್ಲಿದ್ದ ಜಿರ್ಕೋನಿಯಂ ಅಲ್ಯೂಮಿನಿಯಂ ಅನ್ನು ಹಿಡಿದುಕೊಂಡು ತಳದ ಕೆಸರಾಗುತ್ತದೆ. ತಿರುಗಾಮುರುಗಾ ಆದರಂತೂ ಇನ್ನೂ ಕಷ್ಟ: ಜೆಡ್‌ಇ 41ರ ಕರಗಿಗೆ ಎಜೆಡ್ 91ರ ಚೂರು ಬಿದ್ದರೆ ಜಿರ್ಕೋನಿಯಂ ಕಳೆದುಹೋಗಿ, ಮುಂದಿನ ಎರಕ ದಪ್ಪಕಣದ್ದಾಗಿ ಹೊರಬರುತ್ತದೆ. ಬಣ್ಣದಿಂದಾಗಲಿ ತೂಕದಿಂದಾಗಲಿ ಎರಡನ್ನೂ ಬೇರ್ಪಡಿಸಲಾಗುವುದಿಲ್ಲ; ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರೋಮೀಟರ್ ಇಟ್ಟು ತುಂಡುತುಂಡಾಗಿ ನೋಡಿ, ಬೇರೆಬೇರೆ ಡ್ರಮ್ಮುಗಳಲ್ಲಿ ತುಂಬಿಡಬೇಕಾಗುತ್ತದೆ.